ಸೂರಿಗೆ ಸಿಕ್ಕಿಸಿದ ಲೋಟ

ನಾವು ಅಂದರೆ ಇಬ್ಬರು. ಗಂಡ ಹೆಂಡತಿ. ಇಬ್ಬರೂ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಒಬ್ಬರು 2021ರಲ್ಲಿ, ಇನ್ನೊಬ್ಬರು 2023ರಲ್ಲಿ ನಿವೃತ್ತರಾದೆವು. ನಂಜನಗೂಡು ತಾಲ್ಲೂಕಿನ ಒಂದು ಊರಿನ ಕೇರಿಯಲ್ಲಿ, ಅಪ್ಪನ ಗುಡಿಸಲಿದ್ದ ಜಾಗದಲ್ಲೇ ಎರಡು ಕೋಣೆಯ ತಾರಸಿ ಮನೆ ಕಟ್ಟಿಕೊಂಡು ಇದ್ದೇವೆ.

ಮೇಷ್ಟ್ರಿಗೇನು ಬಿಡಪ್ಪ, ಬೇಸಿಗೆ ಬಂದ್ರೆ ಕಾಲು ಚಾಚ್ಕೊಂಡು ರಜ ಅಂತ ಊರಿನವರು ಅನ್ನುತ್ತಾರೆ. ಗೆಳೆಯರೆ, ಆ ರಜ ಎಲ್ಲಿ ಹೋಯಿತು ಅಂತ ನಾವು ಹೇಳಬೇಕು. 1996, 2004, 2009, 2014, 2019. ಈ ಲೋಕಸಭೆ ಚುನಾವಣೆಗಳೆಲ್ಲ ನಮ್ಮ ಪಾಲಿಗೆ ಬಂದದ್ದು ಬಿರುಬಿಸಿಲಿನಲ್ಲೇ. ಮತಪೆಟ್ಟಿಗೆ ಹೊತ್ತೆವು, ಆಮೇಲೆ ಮತಯಂತ್ರ ಹೊತ್ತೆವು. ಉಳಿದ ಬೇಸಿಗೆಗಳನ್ನು ಜನಗಣತಿ, ಮತದಾರರ ಪಟ್ಟಿ, ಸಾಕ್ಷರತಾ ಆಂದೋಲನ, ತರಬೇತಿ ಹಂಚಿಕೊಂಡು ತಿಂದವು. ಮಿಕ್ಕಿದ್ದನ್ನು ಸಾಲ ಮತ್ತು ಸಾವು ತಿಂದವು. ನೆಂಟರ ಮನೆಗೆ ಹೋಗಿದ್ದು ತಿಥಿಗೆ, ಮದುವೆಗೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು.

2024ರ ಏಪ್ರಿಲ್ 26ರಂದು ಮೊದಲ ಸಲ ನಾವು ಬರೀ ಓಟು ಹಾಕಿದೆವು. ಡ್ಯೂಟಿ ಇಲ್ಲ, ಆರ್ಡರ್ ಇಲ್ಲ. ಬೆರಳಿನ ಶಾಯಿ ಮಾಸುವ ಮೊದಲೇ ಹೊರಟೆವು. ಮಗಳನ್ನು ನೋಡುವುದು, ಬದುಕಿರುವ ಹಳೇ ಸ್ನೇಹಿತರನ್ನು ನೋಡುವುದು. ಬ್ಯಾಗಿನ ತಳದಲ್ಲಿ ಮಗಳಿಗೆ ಇಷ್ಟವಾದ ಒಣ ಸೀಗಡಿ ಒಂದು ಸೇರು, ಹುರುಳಿ ಕಾಳು, ಹುಣಸೆಹಣ್ಣು.

ಬಸ್ಸಿನಲ್ಲಿ ನಮ್ಮಲ್ಲಿ ಹೆಂಗಸಾದವಳಿಗೆ ಸೊನ್ನೆ ರೂಪಾಯಿ ಟಿಕೆಟ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಆಧಾರ್ ತೋರಿಸಿದರೆ ಸಾಕು. ಗಂಡಸಾದವನಿಗೆ ಹಿರಿಯ ನಾಗರಿಕ ಅಂತ ಕಾಲು ಭಾಗ ರಿಯಾಯಿತಿ. ‘ಬಿಟ್ಟಿ ಬಸ್ಸು ಬಂದ್ಮೇಲೆ ಹೆಂಗಸ್ರು ಮನೇಲೇ ನಿಲ್ಲಲ್ಲ’ ಅಂತ ಹಿಂದಿನ ಸೀಟಿನವನೊಬ್ಬ ಗೊಣಗಿದ. ಮುಂದಿನ ಸೀಟಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ತಿರುಗಿ ನೋಡಿದಳು. ‘ನಿಲ್ಲಬಾರ್ದು ಕಣಣ್ಣ’ ಅಂದಳು. ಬಸ್ಸಿನ ಅರ್ಧ ಜನ ನಕ್ಕರು.

ಬೆಂಗಳೂರಿನಲ್ಲಿ ಆ ಬೇಸಿಗೆ ನೀರಿಗೆ ಬರ. 2023ರ ಮಳೆ ಕೈಕೊಟ್ಟು ಬೋರ್‌ವೆಲ್ಲುಗಳು ಒಣಗಿದ್ದವು. ಬೀದಿ ತುಂಬ ಟ್ಯಾಂಕರುಗಳು. ಮಗಳು ಬಾಗಿಲಲ್ಲೇ ಬ್ಯಾಗು ಇಸಿದುಕೊಂಡು ಮೂಸಿದಳು. ಸೀಗಡಿ ಗಂಟನ್ನು ತೆಗೆದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಇನ್ನೊಂದರಲ್ಲಿ ಸುತ್ತಿ, ಬೀರುವಿನ ಬಟ್ಟೆಯ ಹಿಂದೆ ಇಟ್ಟಳು. ‘ಇಲ್ಲಿ ಮಾಡಂಗಿಲ್ಲ ಅಪ್ಪ. ಓನರು ಮೇಲ್ಗಡೆನೇ ಇರೋದು. ಸಸ್ಯಾಹಾರಿಗಳು ಅಂತ ಹೇಳಿ ಮನೆ ತಗೊಂಡಿದೀವಿ.’ ಗೋಡೆ ನೋಡಿದೆವು. ಮದುವೆಯಲ್ಲಿ ನಾವು ಕೊಟ್ಟ ಬಾಬಾಸಾಹೇಬರ ಪಟ ಮಲಗುವ ಕೋಣೆಯ ಬಾಗಿಲ ಹಿಂದೆ ಇತ್ತು.

ಮಾರನೇ ದಿನ ಮನೆಯ ಯಜಮಾನರು ಮೆಟ್ಟಿಲ ಮೇಲೆ ಸಿಕ್ಕರು. ‘ಊರಿಂದ ಬಂದ್ರಾ? ನೀರು ಸ್ವಲ್ಪ ನೋಡ್ಕೊಂಡು ಖರ್ಚು ಮಾಡಿ’ ಅಂದರು. ಆಮೇಲೆ ಮೆಲ್ಲಗೆ, ‘ನೀವು ಯಾವ ಜನ?’ ಮಗಳು ಒಳಗಿನಿಂದಲೇ ‘ಮೈಸೂರು ಕಡೆಯೋರು ಅಂಕಲ್’ ಅಂತ ಕೂಗಿದಳು. ನಾವು ಬಾಯಿ ಬಿಡುವ ಮೊದಲೇ ಮಾತು ಮುಗಿದಿತ್ತು.

ಆ ರಾತ್ರಿ ನಾವು ಮಗಳ ಮೇಲೆ ರೇಗಿದೆವು. ಮೂವತ್ತೈದು ವರ್ಷ ಮಕ್ಕಳಿಗೆ ಸಂವಿಧಾನದ 17ನೇ ವಿಧಿ ಹೇಳಿಕೊಟ್ಟವರು ನಾವು, ನೀನು ನೋಡಿದರೆ ಸೀಗಡಿ ಮುಚ್ಚಿಡ್ತೀಯಲ್ಲ ಅಂತ. ಅವಳು ಅಳಲಿಲ್ಲ. ‘ಹನ್ನೊಂದು ಮನೆ ನೋಡಿದೆ ಅಪ್ಪ. ಹನ್ನೊಂದರಲ್ಲೂ ಜಾತಿ ಕೇಳಿದ್ರು. ಹನ್ನೆರಡನೇದರಲ್ಲಿ ಸುಳ್ಳು ಹೇಳ್ದೆ’ ಅಂದಳು. ನಮಗೆ ಉತ್ತರ ಇರಲಿಲ್ಲ. ಆದರೂ ಮುಖ ಊದಿಸಿಕೊಂಡೇ ಹೊರಟೆವು.

ಮಾರಿಕುಪ್ಪಂ ರೈಲು ಹತ್ತಿ ಕೋಲಾರ ಚಿನ್ನದ ಗಣಿಗೆ ಹೋದೆವು. ಅಲ್ಲಿ ನಮ್ಮ ಟಿ.ಸಿ.ಎಚ್. ಗೆಳೆಯ ಇದ್ದಾನೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಅವನ ಅಪ್ಪ, ತಾತ ಗಣಿಗೆ ಇಳಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಪ್ಪ ಕಲ್ಲಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತ. ನಮ್ಮ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಾಳೆ. ಆ ನೀರು ಶಿವನಸಮುದ್ರದಲ್ಲಿ ಬಿದ್ದು, 1902ರಲ್ಲಿ ಕರೆಂಟಾಗಿ ಈ ಗಣಿಗೆ ಬಂತು. ನಮ್ಮ ಕೇರಿಗೆ ಕರೆಂಟು ಬಂದಾಗ ನಾವು ಹೈಸ್ಕೂಲು. ನೀರು ನಮ್ಮದು, ಬೆವರು ಇವರದು, ಚಿನ್ನ ಬಿಳಿಯರ ಕಂಪನಿಯದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಅವನ ಇಬ್ಬರು ಮಕ್ಕಳೂ ಕತ್ತಲಲ್ಲೇ ಎದ್ದು ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಗಣಿಯ ಸಾಲುಮನೆಯ ಮುಂದೆ ಕೂತು ಸೈನೈಡ್ ದಿಬ್ಬ ನೋಡಿದೆವು. ಬೇಸಿಗೆ ಗಾಳಿಗೆ ಅದರ ಹುಡಿ ಎದ್ದು ಅನ್ನದ ತಟ್ಟೆಗೆ ಬೀಳುತ್ತದೆ. ಮಗಳ ವಿಷಯ ಹೇಳಿದೆವು. ಗೆಳೆಯ ನಕ್ಕ. ‘ನನ್ ದೊಡ್ಡ ಮಗ ಅಲ್ಲಿ ರೂಮು ಕೇಳಿದಾನೆ. ಊರು ಯಾವುದು ಅಂದ್ರೆ ಕೆಜಿಎಫ್ ಅಂದ. ಅಷ್ಟೇ ಸಾಕಾಯ್ತು. ಇನ್ನ ಟ್ರೇನೇ ಅವನ ಮನೆ’ ಅಂದ. ಊಟಕ್ಕೆ ದನದ ಮಾಂಸದ ಸಾರು ಮಾಡಿಸಿದ್ದ. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯವರು ಬಂದು ಒಂದು ಬಟ್ಟಲು ತೆಗೆದುಕೊಂಡು ಹೋದರು. ಮಗಳ ಬೀರು ನೆನಪಾಗಿ ತುತ್ತು ಗಂಟಲಲ್ಲಿ ನಿಂತಿತು.

ಭದ್ರಾವತಿಗೂ ರೈಲಿನಲ್ಲೇ ಹೋದೆವು. ಹಿರಿಯರಿಗೆ ಇದ್ದ ರೈಲು ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಕೊರೊನಾ ನೆಪದಲ್ಲಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಪ್ರೊಫೆಸರ್ ಬಿ. ಕೃಷ್ಣಪ್ಪನವರು ಪಾಠ ಹೇಳಿದ ಊರು ಅದು. ದಲಿತ ಸಂಘರ್ಷ ಸಮಿತಿ ಬೇರು ಬಿಟ್ಟ ಊರು. ಅಲ್ಲಿದ್ದ ನಮ್ಮ ಸಂಘಟನೆಯ ಗೆಳೆಯ ಈಗಿಲ್ಲ. ಅವನ ಹೆಂಡತಿ ಟ್ರಂಕು ತೆಗೆದು ‘ಪಂಚಮ’ದ ಹಳೇ ಸಂಚಿಕೆಗಳನ್ನು, ಕರಪತ್ರಗಳನ್ನು ಮುಂದೆ ಹಾಕಿದಳು. ನಾವು ಧೂಳು ಒರೆಸಿ ಓದುತ್ತ ಭಾವುಕರಾದೆವು. ಅವಳು ಆಗಲಿಲ್ಲ. ‘ಸಭೆ ಮುಗಿಸ್ಕಂಡು ಸರೊತ್ತಿನಲ್ಲಿ ಹದಿನೈದು ಜನ ಕರ್ಕಂಡು ಬರೋರು. ಅಕ್ಕಿ ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ. ಅಷ್ಟು ಪೇಪರಿನಲ್ಲಿ ನನ್ನ ಒಲೆ ವಿಷ್ಯ ಎಲ್ಲಾದ್ರೂ ಇದ್ರೆ ಓದಿ ಹೇಳಿ ಮೇಷ್ಟ್ರೆ’ ಅಂದಳು.

ಇರಲಿಲ್ಲ. ನಮ್ಮಲ್ಲಿ ಗಂಡಸಾದವನು ತಲೆ ತಗ್ಗಿಸಿದ. ಹೆಂಗಸಾದವಳು ಎದ್ದು ಅಡುಗೆಮನೆಗೆ ಹೋದಳು.

ಕೊನೆಗೆ ತೀರ್ಥಹಳ್ಳಿ ಕಡೆ. ಅಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಸೊನ್ನೆ ಟಿಕೆಟ್ಟು ನಡೆಯುವುದಿಲ್ಲ. ನಮಗೆ ಮೊದಲು ಕೆಲಸ ಸಿಕ್ಕಿದ್ದು ಆ ಸೀಮೆಯ ಒಂದು ಊರಿನಲ್ಲಿ, 1986ರಲ್ಲಿ, ಮದುವೆಯಾದ ಹೊಸತರಲ್ಲಿ. ಅದೇ ಊರಿನ ಅಡಕೆ ತೋಟದ ಮನೆಯವರು ನಮ್ಮ ಜೊತೆಯ ಮೇಷ್ಟ್ರು. ಒಳ್ಳೆಯ ಮನುಷ್ಯ. ನಮಗೆ ಜ್ವರ ಬಂದಾಗ ಮಳೆಯಲ್ಲಿ ಆರು ಮೈಲಿ ನಡೆದು ಮಾತ್ರೆ ತಂದವರು. ಅವರ ಜಗಲಿಯ ಸೂರಿನ ರೀಪಿಗೆ ಎರಡು ಅಲ್ಯುಮಿನಿಯಂ ಲೋಟ ಸಿಕ್ಕಿಸಿರುತ್ತಿದ್ದವು. ನಾವು ಹೋದರೆ ಅವನ್ನು ಇಳಿಸಿಕೊಳ್ಳಬೇಕು, ಮೇಲಿನಿಂದ ಕಾಫಿ ಹುಯ್ಯುತ್ತಾರೆ, ಕುಡಿದು ತೊಳೆದು ಮತ್ತೆ ಸಿಕ್ಕಿಸಬೇಕು. ಒಂದು ವರ್ಷ ಹಾಗೇ ಕುಡಿದೆವು. ಒಂದು ದಿನವೂ ಬಾಯಿ ಬಿಡಲಿಲ್ಲ.

ಈಗ ಅವರಿಗೆ ಪಾರ್ಶ್ವವಾಯು. ನಮ್ಮನ್ನು ಕಂಡು ಅತ್ತರು. ಒಳಗೆ ಕೂರಿಸಿದರು, ಸ್ಟೀಲಿನ ಲೋಟದಲ್ಲಿ ಕಾಫಿ ಬಂತು. ಹಳೇ ಶಾಲೆ, ಹಳೇ ಮಳೆ, ಹಳೇ ಇನ್ಸ್‌ಪೆಕ್ಟರು, ಎಲ್ಲ ಮಾತಾಯಿತು. ಆಗ ನಮ್ಮಲ್ಲಿ ಹೆಂಗಸಾದವಳು ಇದ್ದಕ್ಕಿದ್ದಂತೆ, ‘ಸಾರ್, ಸೂರಿನಲ್ಲಿದ್ದ ಆ ಲೋಟ ಎಲ್ಲಿ?’ ಅಂದಳು.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆವು. ‘ಹಂಗೆಲ್ಲ ನಮ್ಮನೇಲಿ ಇರ್ಲಿಲ್ಲ ಮಾರಾಯ್ರೆ. ನಿಮ್ಗೆ ಬೇರೆ ಮನೆ ನೆನಪಿರ್ಬೇಕು’ ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ಮರೆತಿದ್ದರು. ನಮ್ಮ ಎದೆಯಲ್ಲಿ ಮೂವತ್ತೆಂಟು ವರ್ಷ ಸಿಕ್ಕಿಕೊಂಡಿದ್ದು ಅವರಿಗೆ ಮರೆಯುವಷ್ಟು ಸಣ್ಣದು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹೇಳಿದರು. ‘ಇತ್ತು. ನಾನು ಈ ಮನೆಗೆ ಬಂದ ದಿನವೇ ಅತ್ತೆ ತೋರಿಸಿದ್ರು, ಆ ಲೋಟ ಮುಟ್ಬೇಡ ಅಂತ. ಅತ್ತೆ ಸತ್ತ ವರ್ಷ ನಾನೇ ಅದನ್ನ ಗುಜರಿಗೆ ಹಾಕ್ದೆ. ಇವರಿಗೆ ಹೇಳ್ಲಿಲ್ಲ.’

ಯಾರೂ ಮಾತಾಡಲಿಲ್ಲ. ಅವರು ಕ್ಷಮೆ ಕೇಳಲಿಲ್ಲ, ನಾವೂ ಕಾಯಲಿಲ್ಲ. ಆಮೇಲೆ ಊಟಕ್ಕೆ ಎಬ್ಬಿಸಿದರು. ಉಂಡೆವು.

ರಾತ್ರಿ ನಿದ್ದೆ ಬರಲಿಲ್ಲ. ಲೋಟದ ಬಗ್ಗೆ ನಾವು ಒಂದು ವರ್ಷ ಸುಮ್ಮನಿದ್ದದ್ದು ಯಾಕೆ? ಹೊಸ ಕೆಲಸ, ಬೇರೆ ಊರು, ಬಾಡಿಗೆಗೆ ಸಿಕ್ಕಿದ್ದು ಒಂದೇ ಕೊಟ್ಟಿಗೆ. ಮಗಳು ಹನ್ನೆರಡನೇ ಮನೆಯಲ್ಲಿ ಸುಳ್ಳು ಹೇಳಿದ್ದೂ ಅದಕ್ಕೇ. ಜೈ ಭೀಮ್ ಅಂತ ಬೀದಿಯಲ್ಲಿ ಕೂಗಿದ ಗಂಟಲು ಆ ಜಗಲಿಯಲ್ಲಿ ಕಾಫಿ ಕುಡಿದು ತಣ್ಣಗಿತ್ತು. ಅಂಥಾ ನಾವು ಮಗಳನ್ನು ರೇಗಿದೆವು. ಅವಳನ್ನು ಕೇಳುವ ಮೊದಲು ಮೆಟ್ಟಿಲ ಮೇಲೆ ಜಾತಿ ಕೇಳಿದವನನ್ನು ನಾವು ಕೇಳಬೇಕಿತ್ತು. ಕೇಳಲಿಲ್ಲ.

ಬೆಳಿಗ್ಗೆ ಫೋನು ಮಾಡಿ ಲೋಟದ ಕತೆಯನ್ನು ಅವಳಿಗೆ ಮೊದಲ ಸಲ ಹೇಳಿದೆವು. ತುಂಬ ಹೊತ್ತು ಸುಮ್ಮನಿದ್ದಳು. ‘ಇಷ್ಟು ದಿನ ಯಾಕೆ ಹೇಳ್ಲಿಲ್ಲ?’ ಅಂದಳು. ನಾಚಿಕೆ ಅಂದೆವು. ‘ನಂಗೂ ಅದೇ’ ಅಂದಳು.

ಗೆಳೆಯರೆ, ನಮ್ಮ ಮಕ್ಕಳು ಊರು ಬಿಟ್ಟರು, ಕೇರಿ ಬಿಟ್ಟರು. ನಗರಕ್ಕೆ ಹೋದರೆ ಜಾತಿ ಬಿಡುತ್ತದೆ ಅಂತ ನಾವೇ ಅವರಿಗೆ ಹೇಳಿ ಕಳಿಸಿದೆವು. ಲೋಟ ಸೂರಿನಿಂದ ಇಳಿದು ಬಾಡಿಗೆ ಮನೆಯ ಬೀರು ಸೇರಿದೆ, ಅಷ್ಟೇ. ನಾವು ಹೋರಾಟದ ಹಾಡುಗಳನ್ನು ಮಕ್ಕಳಿಗೆ ಕಲಿಸಿದೆವು, ಅವಮಾನದ ಕತೆಗಳನ್ನು ನುಂಗಿಕೊಂಡೆವು. ಅದು ತಪ್ಪಾಯಿತು. ಮನೆಮನೆಯಲ್ಲಿ ಆ ಕತೆ ಹೇಳಿ. ನಿಮ್ಮ ಹೆಂಗಸರನ್ನು ಕೇಳಿ, ಅವರಿಗೆ ಸರಿಯಾಗಿ ನೆನಪಿದೆ.

ಮುಂದಿನ ಬೇಸಿಗೆಗೆ ಮತ್ತೆ ಹೋಗುವುದು ಅಂತ ಅವತ್ತೇ ಮಾತಾಡಿಕೊಂಡೆವು. ಸೀಗಡಿಯನ್ನೂ ಒಯ್ಯುವುದು. ಒಲೆ ಹಚ್ಚುವುದೋ ಬೇಡವೋ ಮಗಳೇ ಹೇಳಲಿ, ಮನೆ ಅವಳದು. ಮೆಟ್ಟಿಲ ಮೇಲೆ ಯಜಮಾನರು ಸಿಕ್ಕಿ ಯಾವ ಜನ ಅಂದರೆ ಏನು ಹೇಳಬೇಕು ಅಂತಲೂ ಅವಳನ್ನೇ ಮೊದಲು ಕೇಳುತ್ತೇವೆ. ಹೇಳಿ ಅಂದರೆ ಹೇಳುತ್ತೇವೆ. ಈ ಸಲ ಬಾಯಿ ಒಣಗಿಲ್ಲ.