ಎರಡು ಸೀಟಿನ ಚಳಿಗಾಲ

ಪ್ರತಿ ವರ್ಷ ನವೆಂಬರ್ ಬಂತೆಂದರೆ ಅಮೆರಿಕದ ಡೆಟ್ರಾಯಿಟ್‌ನಲ್ಲಿರುವ ನನ್ನ ಎಂಸಿಎ ಸಹಪಾಠಿಯಿಂದ ವಾಟ್ಸಾಪಿಗೆ ಒಂದು ಫೋಟೋ ಬರುತ್ತದೆ. ಅವನ ಸ್ಪೋರ್ಟ್ಸ್ ಕಾರಿಗೆ ಮೈತುಂಬಾ ಹೊದಿಕೆ, ಬ್ಯಾಟರಿಗೆ ಚಾರ್ಜರ್. ಕೆಳಗೊಂದು ಸಾಲು: "ಮಲಗಿಸಿದೆ ಮಾರಾಯ, ಇನ್ನು ಏಪ್ರಿಲ್‌ಗೆ." ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ಬೇಸಿಗೆಗೆಂದು ಮಾಡಿದ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಸರಿಯಾಗಿ ಅದೇ ವಾರ ನಾನು ಡೊಂಬಿವಲಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನನ್ನ ಕಾರಿನ ಹೊದಿಕೆ ತೆಗೆಯುತ್ತಿರುತ್ತೇನೆ. ಅವನ ಕಾರು ಮಲಗುವ ಹೊತ್ತಿಗೆ ನನ್ನದು ಏಳುತ್ತದೆ. ಠಾಣೆಯ ಕಡೆ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯ ಹೊಂಡ ಯಾವುದು, ನೀರು ಯಾವುದು ಎಂದು ತಿಳಿಯುವುದಿಲ್ಲ. ಮಾರ್ಚ್‌ನಿಂದ ಸೆಕೆ. ಬಟ್ಟೆಯ ಟಾಪ್ ಮಡಚಿ ಓಡಿಸುವ ಕಾರಿಗೆ ಇಲ್ಲಿ ಸಿಗುವುದು ನಾಲ್ಕೇ ತಿಂಗಳು.

ನನ್ನದು ಸ್ಯಾನ್ ಸ್ಟಾರ್ಮ್. ಈಗಿನ ಹುಡುಗರು ಹೆಸರೇ ಕೇಳಿರಲಿಕ್ಕಿಲ್ಲ. ಬೆಂಗಳೂರಿನ ಸ್ಯಾನ್ ಕಂಪನಿಯವರು ಗೋವಾದಲ್ಲಿ ತಯಾರಿಸುತ್ತಿದ್ದ ಪುಟ್ಟ ಕಾರು. ಫೈಬರ್ ಗ್ಲಾಸಿನ ಮೈ, ರೆನೋದ 1.2 ಲೀಟರ್ ಎಂಜಿನ್, 60ರ ಆಸುಪಾಸಿನ ಅಶ್ವಶಕ್ತಿ. ವೇಗದಲ್ಲಿ ಇಂದಿನ ಸಾಧಾರಣ ಸ್ವಿಫ್ಟ್ ಕೂಡ ಇದನ್ನು ಹಿಂದೆ ಹಾಕುತ್ತದೆ. ಆದರೆ ನೋಡಲು ಅಪ್ಪಟ ಸ್ಪೋರ್ಟ್ಸ್ ಕಾರು. ಅಪ್ಪಯ್ಯ ಕ್ಯಾಷಿಯರ್ ಆಗಿದ್ದ ಕಲ್ಯಾಣದ ಹೋಟೆಲಿನ ಗಲ್ಲೆಯ ಮೇಲೆ ಯಾರೋ ಗಿರಾಕಿ ಬಿಟ್ಟುಹೋದ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದಾಗ ನನಗೆ ಹನ್ನೆರಡೋ ಹದಿಮೂರೋ ವರ್ಷ. "ನಮ್ಮ ಬೆಂಗಳೂರಿನವರದ್ದಂತೆ" ಎಂದು ಅಪ್ಪಯ್ಯನಿಗೆ ತೋರಿಸಿದ್ದೆ. 2017ರಲ್ಲಿ ಬೆಂಗಳೂರಿನಲ್ಲೇ ಒಬ್ಬರ ಹತ್ತಿರ 2001ರ ಗಾಡಿ ಸಿಕ್ಕಿತು. ಎನ್‌ಒಸಿ, ಇಲ್ಲಿಯ ತೆರಿಗೆ, ಹೊಸ ನಂಬರು ಎಂದು ಓಡಾಡಿ ತಂದು ನಿಲ್ಲಿಸಿದಾಗ ಅಪ್ಪಯ್ಯ ಒಂದು ಸುತ್ತು ಬಂದು ಕೇಳಿದ್ದು ಒಂದೇ ಮಾತು: "ಎಂತ ಮಾರಾಯ, ಹಿಂದೆ ಸೀಟೇ ಇಲ್ಲವಲ್ಲ?"

ಇಲ್ಲ. ಇರುವುದು ಎರಡೇ ಸೀಟು, ಮನೆಯಲ್ಲಿ ಐದು ಜನ. ಹಾಗಾಗಿ ನಮ್ಮಲ್ಲಿ ಪಾಳಿ. ಚಳಿಗಾಲದ ಒಂದೊಂದು ಭಾನುವಾರ ಒಬ್ಬೊಬ್ಬರದು. ಹೆಂಡತಿಯ ಪಾಳಿ ಬಂದರೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ. ಕೆಲಸದ ದಿನ ಐರೋಲಿಯ ಆಫೀಸಿಗೆ ಹೋಗುವಾಗ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ನಿಂತು ಹೋಗುವ ನನಗೆ, ಭಾನುವಾರ ಬೆಳಿಗ್ಗೆ ವಾಶಿಯಿಂದ ಬೇಲಾಪುರದ ಕಡೆ ಆ ರಸ್ತೆ ಬಿಚ್ಚಿಕೊಳ್ಳುವುದನ್ನು ನೋಡುವುದೇ ಸುಖ. ನೆರೂಳಿನ ಹತ್ತಿರ ನಿಲ್ಲಿಸಿದರೆ ಜೌಗಿನಲ್ಲಿ ಫ್ಲೆಮಿಂಗೋ ಹಕ್ಕಿಗಳು. ಅವೂ ನಮ್ಮ ಹಾಗೆ ವಲಸೆ ಬಂದವು, ಅವುಗಳಿಗೂ ಮಳೆ ಮುಗಿದ ಮೇಲೆಯೇ ಸೀಸನ್ನು. ಠಾಣೆ ಕೊಲ್ಲಿಯಲ್ಲಿ 2015ರಿಂದ ಅವುಗಳಿಗೊಂದು ಅಭಯಾರಣ್ಯವಿದೆ, 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಅಮ್ಮನಿಗೆ ಸೊಂಟ ನೋವು, ನೆಲಕ್ಕೆ ತಾಗುವಷ್ಟು ತಗ್ಗಿನ ಸೀಟು ಆಗದು. ಅವಳ ಪಾಳಿ ಮಗಳಿಗೆ.

2022ರ ಜನವರಿಯ ಆ ಭಾನುವಾರವೂ ಮಗಳದ್ದೇ ಪಾಳಿ. ಅವಳಿಗೆ ಆಗ ಎಂಟು ವರ್ಷ. ಕೊರೊನಾ ಕಾಲದಲ್ಲಿ ಕಾರು ಹೆಚ್ಚುಕಡಿಮೆ ನಿಂತೇ ಇತ್ತು. ಹಿಂದಿನ ದಿನ ಮಧ್ಯಾಹ್ನ ಸುತ್ತಾಡಿ ಬರುವಾಗ ಪೆಟ್ರೋಲ್ ಪಂಪಿನಲ್ಲಿ ಗಾಳಿ ನೋಡಿಸಿದ್ದೆ, ಸರಿಯಾಗಿತ್ತು. ಟೈರಿನ ಪಟ್ಟೆಗಳು ಹೊಸತರಂತೆ ಆಳವಾಗಿದ್ದವು. ಬೆಳಿಗ್ಗೆ ಆರೂವರೆಗೆ ಹೊರಟೆವು. ಕಲ್ಯಾಣ, ಶಹಾಡ್, ವರಪ್, ಕಾಂಬಾ. ಉಲ್ಹಾಸ್ ನದಿಯ ಪಕ್ಕದ ಆ ಹಾದಿಯಲ್ಲಿ ಚಳಿಗಾಲದಲ್ಲಿ ಮಂಜು ತಡವಾಗಿ ಏಳುತ್ತದೆ. ರಾಯತೆ ಸೇತುವೆ ದಾಟಿದ ಮೇಲೆ ಒಂದು ತಿರುವು. ಟ್ರಾಕ್ಟರ್ ಉದುರಿಸಿದ ಮಣ್ಣಿನ ಮೇಲೆ ಇಬ್ಬನಿ ಬಿದ್ದು ಜಾರಿಕೆಯಾಗಿತ್ತು. ನನ್ನ ವೇಗ ಹೆಚ್ಚಿರಲಿಲ್ಲ. ಆದರೂ ಸ್ಟಿಯರಿಂಗ್ ತಿರುಗಿಸಿದರೆ ಕಾರು ತಿರುಗಲಿಲ್ಲ, ನೇರ ಜಾರಿತು. ರಸ್ತೆಯ ಅಂಚು ದಾಟಿ, ಕೊಯ್ಲಾದ ಗದ್ದೆಯ ಬದುವಿಗೆ ತಾಗಿ ನಿಂತಿತು. ಎದುರಿನಿಂದ ಲಾರಿ ಬಂದಿದ್ದರೆ? ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಲೆಯ ಮೇಲಿರುವುದು ಬಟ್ಟೆ.

ಮಗಳಿಗೆ ಸೀಟ್ ಬೆಲ್ಟಿನ ಒತ್ತು ಬಿದ್ದ ಗುರುತು ಬಿಟ್ಟರೆ ಏನೂ ಆಗಲಿಲ್ಲ. ಅವಳು ಅಳಲೂ ಇಲ್ಲ. "ಪಪ್ಪಾ, ಇದು ಗೇಮಿನ ಹಾಗೆ ಆಯ್ತಲ್ಲ" ಎಂದಳು. ನನ್ನ ಕೈ ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯಿತು.

ಕಲ್ಯಾಣದ ಗ್ಯಾರೇಜಿನ ಚಾಚಾ ಟೈರಿನ ಬದಿಯನ್ನು ಬಟ್ಟೆಯಿಂದ ಒರೆಸಿ ನಾಲ್ಕು ಅಂಕಿ ತೋರಿಸಿದರು: 3411. ಅಂದರೆ 2011ರ 34ನೇ ವಾರ ತಯಾರಾದ ಟೈರು. ಪಟ್ಟೆ ಸವೆದಿರಲಿಲ್ಲ, ಏಕೆಂದರೆ ಓಡಿಯೇ ಇರಲಿಲ್ಲ. ರಬ್ಬರು ಮಾತ್ರ ಹತ್ತು ವರ್ಷದಲ್ಲಿ ಕಲ್ಲಾಗಿತ್ತು. ಉಗುರು ಒತ್ತಿದರೂ ಇಳಿಯುತ್ತಿರಲಿಲ್ಲ. ಗಾಳಿಯದೂ ತಪ್ಪೇ. ತಾಪಮಾನ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಕಲ್ಯಾಣದ ಆಚೆ ಜನವರಿಯಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದರೆ ಬೆಳಗಿನ ಜಾವ 15ರ ಆಸುಪಾಸು. ಓಡಿ ಬಿಸಿಯಾದ ಟೈರಿನಲ್ಲಿ ನಡುಮಧ್ಯಾಹ್ನ ಸರಿ ಕಂಡ ಅಳತೆ ಬೆಳಿಗ್ಗೆ ಐದಾರು ಪಿಎಸ್‌ಐ ಕಡಿಮೆಯಾಗಿತ್ತು. ಕಾರಿನದು ಏನೂ ತಪ್ಪಿರಲಿಲ್ಲ. ಅದರ ಹೊಳಪು ನೋಡಿಕೊಂಡವನು ನಾನು, ಕಾಲು ನೋಡಿರಲಿಲ್ಲ.

ಹೆಂಡತಿ ಜಗಳ ಮಾಡಲಿಲ್ಲ. "ಮಗುವಿನ ಪಾಳಿ ಬಂದ್" ಎಂದಷ್ಟೇ ಹೇಳಿದಳು. ಎರಡು ಚಳಿಗಾಲ ಬಂದ್ ಆಗಿಯೇ ಇತ್ತು.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಹಳೆಯ ಕಾರು ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಟೈರು ಎಷ್ಟೇ ಚೆನ್ನಾಗಿ ಕಂಡರೂ ಆರನೇ ವರ್ಷಕ್ಕೆ ಬದಲು. ಗಾಳಿ ನೋಡುವುದು ಬೆಳಿಗ್ಗೆ, ಕಾರು ಕದಲುವ ಮೊದಲು, ನನ್ನದೇ ಗೇಜಿನಲ್ಲಿ. ಮಳೆಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಇದೆ, ಅದು ತೇವ ಹೀರುತ್ತದೆ. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆಯಿದ್ದಷ್ಟೂ ಒಳ್ಳೆಯದು. ಹಳೆಯ ಪೆಟ್ರೋಲ್ ಪೈಪುಗಳನ್ನೂ ಬದಲಿಸಿದ್ದೇನೆ. ಬ್ಯಾಟರಿಯ ನೆಗೆಟಿವ್ ಕಳಚುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಮರದ ತುಂಡು ಇಡುತ್ತೇನೆ. ಇಲಿಗಳು ವಯರ್ ಕಡಿಯದಂತೆ ಎಂಜಿನ್ ಬಳಿ ಹೊಗೆಸೊಪ್ಪಿನ ಪೊಟ್ಟಣ ಕಟ್ಟುತ್ತೇವೆ. ಇದು ಅಮ್ಮನ ಎಲೆಯಡಿಕೆ ಡಬ್ಬಿಯಿಂದ ಬಂದ ಔಷಧಿ, ಇದುವರೆಗೆ ಫಲ ಕೊಟ್ಟಿದೆ. ನವೆಂಬರ್‌ನಲ್ಲಿ ಎಬ್ಬಿಸುವಾಗ ಮೊದಲು ಬ್ರೇಕ್, ಆಮೇಲೆ ಎಂಜಿನ್.

ನಮ್ಮ ಕಡೆಯ ಚಳಿಗೆ ಇನ್ನೊಂದು ಕಾಟವಿದೆ, ಧೂಳು. ತಣ್ಣನೆಯ ಗಾಳಿ ನೆಲಕ್ಕಂಟಿ ನಿಲ್ಲುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಕಟ್ಟಡ ಕೆಲಸದ ಧೂಳು, ಎಂಐಡಿಸಿಯ ಹೊಗೆ, ಲಾರಿಗಳದ್ದು ಎಲ್ಲ ಕೆಳಗೇ ಉಳಿಯುತ್ತದೆ. ಇಷ್ಟು ತಗ್ಗಿನ ಕಾರಿನಲ್ಲಿ ಕೂತವರ ಮೂಗು ಲಾರಿಯ ಸೈಲೆನ್ಸರ್ ಮಟ್ಟಕ್ಕೇ ಇರುತ್ತದೆ. ಹಾಗಾಗಿ ಶಹಾಡ್ ಸೇತುವೆ ದಾಟುವ ತನಕ ಟಾಪ್ ತೆರೆಯುವುದಿಲ್ಲ. ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಕೊಡವುತ್ತೇನೆ. ಮೈಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಮೊದಲು ನೀರು, ಆಮೇಲೆ ಬಟ್ಟೆ.

ಇಷ್ಟೆಲ್ಲ ಮಾಡಿ ವರ್ಷಕ್ಕೆ ಓಡುವುದು ಸಾವಿರ ಕಿಲೋಮೀಟರ್ ಇದ್ದೀತು. 2026ಕ್ಕೆ ನೋಂದಣಿ ನವೀಕರಣ. 20 ವರ್ಷ ದಾಟಿದ ಕಾರುಗಳಿಗೆ ಅದರ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಅದರ ಮೇಲೆ ಹಸಿರು ತೆರಿಗೆ. ಮಾರಿಬಿಡೋಣ ಎಂದು ಕಳೆದ ತಿಂಗಳು ಊಟದ ಹೊತ್ತಿಗೆ ನಾನೇ ಮಾತು ತೆಗೆದೆ.

ಅಪ್ಪಯ್ಯ ನಲವತ್ತು ವರ್ಷ ಗಲ್ಲೆಯಲ್ಲಿ ಕೂತವರು. ಡೊಂಬಿವಲಿಯಲ್ಲಿ ಮನೆ, ಕಲ್ಯಾಣದಲ್ಲಿ ಹೋಟೆಲು, ನಡುವೆ ಲೋಕಲ್ ರೈಲು. ಊರಿಗೆ ಹೋಗುವುದು ಬಿಟ್ಟರೆ ಶಹಾಡ್ ಆಚೆಯ ರಸ್ತೆ ಅವರು ಕಂಡದ್ದು ಈ ಕಾರು ಬಂದ ಮೇಲೆಯೇ. ಮೊದಲ ಸಲ ಮಾಳಶೇಜ್ ಘಾಟ್ ಮೇಲೆ ನಿಂತು, ಕೆಳಗಿನ ಕೊಂಕಣವನ್ನು ಬಹಳ ಹೊತ್ತು ನೋಡಿ, "ಇದು ಇಷ್ಟು ಹತ್ತಿರ ಇತ್ತಾ?" ಎಂದಿದ್ದರು. ಅವತ್ತಿನ ಚಹಾದ ಬಿಲ್ಲನ್ನು ನನಗೆ ಕೊಡಲು ಬಿಟ್ಟಿರಲಿಲ್ಲ.

ಈಗ ಅವರು ಗಲ್ಲೆಯ ಧ್ವನಿಯಲ್ಲೇ ಹೇಳಿದರು: "ನಾಲ್ಕು ತಿಂಗಳ ಕಾರಿಗೆ ಹನ್ನೆರಡು ತಿಂಗಳ ಖರ್ಚು. ಲೆಕ್ಕ ಕೂಡುವುದಿಲ್ಲ. ಆದರೂ ಈ ಸಲ ಮಾರಬೇಡ." ಹೆಂಡತಿ ನನ್ನ ಮುಖ ನೋಡಿದಳು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಮೊನ್ನೆ ಭಾನುವಾರ ಈ ವರ್ಷದ ಮೊದಲ ಸವಾರಿ, ಅಪ್ಪಯ್ಯನ ಪಾಳಿ. ಮಫ್ಲರ್ ಸುತ್ತಿಕೊಂಡು ಕೆಳಗೆ ಬಂದರು. ಆ ಸೀಟಿಗೆ ಇಳಿಯಲು ಅವರಿಗೆ ಈಗ ನನ್ನ ಎರಡೂ ಕೈ ಬೇಕು, ಏಳಲೂ ಬೇಕು. ಮಗಳು ಗೇಜ್ ಹಿಡಿದು ಒಂದೊಂದೇ ಚಕ್ರದ ಗಾಳಿ ಓದಿ ಹೇಳಿದಳು. ಅವಳ ಪಾಳಿ ಹೋದ ವರ್ಷದಿಂದ ಮತ್ತೆ ಶುರುವಾಗಿದೆ. ಆದರೆ ಅಪ್ಪಯ್ಯ ಕೂಡಲೇ ಹತ್ತಲಿಲ್ಲ. ಕನ್ನಡಕ ಹಾಕಿಕೊಂಡು, ಮೊಣಕಾಲು ಹಿಡಿದು ಬಗ್ಗಿ, ಮುಂದಿನ ಟೈರಿನ ಮೇಲಿನ ಅಂಕಿಯನ್ನು ಬೆರಳಿಟ್ಟು ಓದಿದರು.

"ಸೊನ್ನೆ ಎಂಟು, ಇಪ್ಪತ್ತೆರಡು. ಇನ್ನೂ ಎರಡು ವರ್ಷ ಉಂಟು" ಎಂದು ಕೈ ಚಾಚಿದರು.