ಯಾವ ದೇಶದ ಹತ್ತು ಗಂಟೆ?

ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಟೆಕ್ನಿಕಲ್ ಬ್ಲಾಗ್ ನಡೆಸ್ತೀವಿ. ಕೆಲಸದಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಬರೆಯೋದು, ಅಷ್ಟೇ. ನಾವು ಮಾರ್ಕ್‌ಡೌನ್‌ನಲ್ಲಿ ಬರೆದ ಫೈಲುಗಳನ್ನು ಜೆಕಿಲ್ ಅನ್ನೋ ಸ್ಟ್ಯಾಟಿಕ್ ಸೈಟ್ ಜನರೇಟರ್ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿಕೊಡುತ್ತೆ, ಗಿಟ್‌ಹಬ್ ಪೇಜಸ್ ಅವನ್ನು ಪುಕ್ಕಟೆ ತೋರಿಸುತ್ತೆ. ಡೇಟಾಬೇಸ್ ಇಲ್ಲ, ಹ್ಯಾಕ್ ಮಾಡೋಕೆ ಲಾಗಿನ್ ಪುಟವೂ ಇಲ್ಲ. ಆರು ತಿಂಗಳು ಮುಟ್ಟದಿದ್ದರೂ ಹಾಗೇ ನಿಂತಿರುತ್ತೆ. "ಮೇಂಟೆನೆನ್ಸೇ ಬೇಡ ಕಣ್ರೋ" ಅಂತ ಎಲ್ಲರನ್ನೂ ಒಪ್ಪಿಸಿದವನು ನಾನೇ.

ನಮ್ಮಲ್ಲೊಬ್ಬ ಡೇಟಾಬೇಸ್ ಪಂಡಿತ. ಇಂಡೆಕ್ಸ್ ಬಗ್ಗೆ ಕೇಳಿದರೆ ಒಂದು ಗಂಟೆ ಮಾತಾಡ್ತಾನೆ, ಬರೆಯೋದು ಅಂದ್ರೆ ಮಾತ್ರ ಹಿಂಜರಿಕೆ. ಮೂರು ತಿಂಗಳು ಕಾಡಿದ ಮೇಲೆ ಮೊದಲ ಲೇಖನದ ಪುಲ್ ರಿಕ್ವೆಸ್ಟ್ ಕಳಿಸಿದ. ನಾನು ಒಂದೇ ರಾತ್ರಿ 23 ಕಮೆಂಟ್ ಹಾಕಿದೆ. ಒಂದು ಮಾತೂ ಆಡದೆ ಎಲ್ಲವನ್ನೂ ತಿದ್ದಿದ.

ಶನಿವಾರ ಬೆಳಗ್ಗೆ ಹತ್ತು ದಾಟಿದ ಮೇಲೆ ಮರ್ಜ್ ಮಾಡಿದೆ. ಬಿಲ್ಡ್ ಹಸಿರು. ಅವನು ಊರಲ್ಲಿರೋ ಅಪ್ಪನಿಗೆ, ಅಕ್ಕನಿಗೆ ಆಗಲೇ ಲಿಂಕ್ ಕಳಿಸಿಬಿಟ್ಟಿದ್ದ. ತೆರೆದರೆ 404. "ಕ್ಯಾಶ್ ಇರ್ಬೇಕು, ರಿಫ್ರೆಶ್ ಮಾಡು" ಅಂದು ನಾನು ಯಾರದೋ ಮದುವೆ ಊಟಕ್ಕೆ ಹೋದೆ. ಸಂಜೆಯೂ 404. ರಾತ್ರಿ ಮೆಸೇಜ್ ಬಂತು: "ಇಷ್ಟ ಆಗ್ಲಿಲ್ಲ ಅಂದ್ರೆ ನೇರವಾಗಿ ಹೇಳಬಹುದಿತ್ತು ಮಗಾ. ಹಾಕಿ ತೆಗೆಯೋದು ಬೇಕಿರ್ಲಿಲ್ಲ."

ಭಾನುವಾರ ಬಿಲ್ಡ್ ಲಾಗ್ ಪೂರ್ತಿ ಓದಿದೆ. ಲೇಖನದ ದಿನಾಂಕ ಇನ್ನೂ ಬಂದಿಲ್ಲ, ಅದಕ್ಕೇ ಬಿಟ್ಟಿದ್ದೇನೆ ಅನ್ನೋ ಒಂದು ಸಾಲಿತ್ತು. ಅವನು ಫೈಲಿನ ತಲೆಯಲ್ಲಿ ಹತ್ತು ಗಂಟೆ ಅಂತ ಬರೆದಿದ್ದ. ಟೈಮ್‌ಝೋನ್ ಅವನೂ ಹಾಕಿರಲಿಲ್ಲ, ಕಾನ್ಫಿಗ್ ಫೈಲಿನಲ್ಲಿ ನಾನೂ ಹಾಕಿರಲಿಲ್ಲ. ಸರ್ವರ್ ಇದ್ದದ್ದು ಯುಟಿಸಿಯಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಲೆಕ್ಕದಲ್ಲಿ ಇನ್ನೂ ಬೆಳಗಿನ ಜಾವ. ಮುಂದಿನ ಸಮಯದ ಲೇಖನವನ್ನು ಜೆಕಿಲ್ ಪ್ರಕಟಿಸಲ್ಲ. ಸರಿ, ಮಧ್ಯಾಹ್ನ ಮೂರೂವರೆಗಾದರೂ ಕಾಣಬೇಕಿತ್ತಲ್ಲ? ಅದೂ ಇಲ್ಲ. ಯಾರಾದರೂ ಮತ್ತೆ ಪುಶ್ ಮಾಡೋವರೆಗೆ ಸ್ಟ್ಯಾಟಿಕ್ ಸೈಟ್ ಇದ್ದ ಹಾಗೇ ಇರುತ್ತೆ. ಕಾನ್ಫಿಗ್‌ನಲ್ಲಿ ಏಷ್ಯಾ/ಕೋಲ್ಕತಾ ಅಂತ ಒಂದು ಸಾಲು ಸೇರಿಸಿ ಪುಶ್ ಮಾಡಿದೆ. ಲೇಖನ ಬಂತು.

ವಿವರಿಸಿದೆ. "ಓಕೆ" ಅಂದ. ಎರಡನೇ ಲೇಖನ ಮಾತ್ರ ಬರಲಿಲ್ಲ.

ನಾನೇ ತೆಗೆದೆ ಅಂತ ಅವನು ನಂಬಿದ್ದಾದರೂ ಯಾಕೆ? ಆ 23 ಕಮೆಂಟ್ ಮತ್ತೆ ಓದಿದೆ. ನಿಜವಾದ ತಪ್ಪು ಎರಡೇ. ಉಳಿದದ್ದೆಲ್ಲ "ಈ ಪದ ಬೇಡ", "ಇಲ್ಲಿ ಕಾಮಾ", "ನಾನಾಗಿದ್ರೆ ಹೀಗೆ ಬರೀತಿದ್ದೆ".

ನಮ್ಮೂರಲ್ಲಿ ನಾಟಿ ಕಾಲಕ್ಕೆ ಮುಯ್ಯಾಳು ಹೋಗೋ ಪದ್ಧತಿ ಇತ್ತು. ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ದುಡ್ಡಿನ ಮಾತಿಲ್ಲ. ಪಕ್ಕದ ಮನೆ ಹೊಸ ಸೊಸೆಯ ಸಾಲು ಸೊಟ್ಟಗಾದರೆ ಅವ್ವ ಬೈತಿರಲಿಲ್ಲ. ತಾನೇ ಬಗ್ಗಿ ನಾಲ್ಕು ಪೈರು ಕಿತ್ತು, ಸರಿಯಾಗಿ ನೆಟ್ಟು ಮುಂದೆ ಹೋಗ್ತಿದ್ದಳು. ನಾಳೆ ಅವರ ಗದ್ದೆಗೆ ಇಳಿಯಬೇಕಲ್ಲ!

ನಾನು ಇಳಿದೇ ಇರಲಿಲ್ಲ. ನನ್ನ ಲೇಖನಗಳನ್ನು ಯಾರಿಗೂ ತೋರಿಸದೆ ನೇರ ಮೇನ್ ಬ್ರಾಂಚಿಗೆ ಪುಶ್ ಮಾಡ್ತಿದ್ದೆ.

ಅವತ್ತೇ ಆ ದಾರಿ ಮುಚ್ಚಿದೆ, ನನಗೂ ಸೇರಿ. ಮಾಹಿತಿ ತಪ್ಪಿದ್ದರೆ ಮಾತ್ರ ಕಮೆಂಟ್, ಕಾಗುಣಿತ ತಪ್ಪು ಕಂಡವನೇ ತಿದ್ದಬೇಕು ಅಂತ ಮಾಡಿಕೊಂಡೆವು. ನನ್ನ ಮುಂದಿನ ಲೇಖನವನ್ನು ಅವನಿಗೇ ಕಳಿಸಿದೆ. ಎರಡು ಕಮೆಂಟ್ ಬಂತು. ಎರಡೂ ಸರಿಯಾಗಿದ್ದವು.

ಎರಡು ತಿಂಗಳಾದ ಮೇಲೆ ಅವನ ಪುಲ್ ರಿಕ್ವೆಸ್ಟ್ ಬಂತು. ಹಿಂದೆಯೇ ಫೋನ್:

"ಮಗಾ, ಈ ಸಲ ಯಾವ ದೇಶದ ಹತ್ತು ಗಂಟೆ?"