ಪುಚೊಂಗಿನ ಗುಡ್ಡದಿಂದ ಕಂಡ ನಮ್ಮೂರ ತೋಟ

ದೀಪಾವಳಿಗೆ ಎರಡು ತಿಂಗಳಿರುವಾಗ ನಮ್ಮ ಸಂಚಿಕೆಯ ಸಂಪಾದಕರ ಫೋನ್ ಬರುವುದು ವಾಡಿಕೆ. ನಾನು ಪ್ರತಿ ವರ್ಷ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಎಂದು ಏನಾದರೊಂದು ಬರೆದುಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಅವರು, "ಡಾಕ್ಟ್ರೇ, ಹಬ್ಬದ ದಿವಸ ಹೋಳಿಗೆ ತಿನ್ನಬೇಡಿ ಅಂತ ಮತ್ತೆ ಬರೆಯಬೇಡಿ. ನೀವಿರುವ ಊರಿನ ಬಗ್ಗೆ ಬರೀರಿ" ಎಂದುಬಿಟ್ಟರು. ಪುಚೊಂಗಿನ ಬಗ್ಗೆ ಬರೆಯಲು ಏನಿದೆ? ಬೆಳಿಗ್ಗೆ ಎಲ್‌ಡಿಪಿ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು, ಸಂಜೆ ಅದೇ ಹೆದ್ದಾರಿಯಲ್ಲಿ ಇನ್ನೊಂದು ದಿಕ್ಕಿಗೆ ಸಿಕ್ಕಿಹಾಕಿಕೊಳ್ಳುವುದು! ಆದರೂ ಇಪ್ಪತ್ತು ವರ್ಷ ಅನ್ನ ಕೊಟ್ಟ ಊರು. ಅದಕ್ಕಿಂತ ಹೆಚ್ಚಾಗಿ, ಈ ಊರು ಕಳೆದ ವರ್ಷ ನನ್ನ ಮನೆಯ ಒಂದು ದೊಡ್ಡ ಗಂಟನ್ನು ಬಿಡಿಸಿಕೊಟ್ಟಿತು. ಅದನ್ನೇ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ನಾನು ಬುಕಿತ್ ವಾವಾಸಾನ್ ಗುಡ್ಡ ಹತ್ತುತ್ತೇನೆ. ರೋಗಿಗಳಿಗೆ ನಡೆಯಿರಿ ನಡೆಯಿರಿ ಎಂದು ಹೇಳುವವನು ತಾನೂ ನಡೆಯಬೇಕಲ್ಲ. ಮೇಲೆ ನಿಂತರೆ ಒಂದು ಕಡೆ ಮನೆ, ಮಾಲ್, ಹೆದ್ದಾರಿ, ದೂರದಲ್ಲಿ ಕೌಲಾಲಂಪುರದ ಗೋಪುರಗಳು. ಇನ್ನೊಂದು ಕಡೆ ದಟ್ಟ ಹಸಿರು. ಅದು ಆಯೆರ್ ಹಿತಾಮ್ ಮೀಸಲು ಅರಣ್ಯ. 1906ರಲ್ಲಿ ಮೀಸಲು ಎಂದು ಘೋಷಿಸಿದಾಗ 4,000 ಹೆಕ್ಟೇರಿಗೂ ಹೆಚ್ಚಿದ್ದ ಕಾಡು, ಮನೆ ರಸ್ತೆಗಳಿಗೆ ಹೋಗಿ ಹೋಗಿ ಈಗ 1,200 ಹೆಕ್ಟೇರಿನ ಆಸುಪಾಸಿನಲ್ಲಿದೆ. 1996ರಲ್ಲಿ ಇದನ್ನು ಪುತ್ರ ಮಲೇಷ್ಯಾ ವಿಶ್ವವಿದ್ಯಾಲಯಕ್ಕೆ 80 ವರ್ಷಕ್ಕೆ ವಹಿಸಿಕೊಟ್ಟಿದ್ದರಿಂದ ಇಷ್ಟಾದರೂ ಉಳಿದಿದೆ ಎಂದು ನನ್ನ ಲೆಕ್ಕ. ವಿದ್ಯಾರ್ಥಿಗಳು ಅಲ್ಲಿ ಅರಣ್ಯಶಾಸ್ತ್ರ ಕಲಿಯುತ್ತಾರೆ. ನಮ್ಮಂಥವರು ಬೆವರಿಳಿಸಿ, ಕೆಳಗೆ ಬಂದು ರೊಟಿ ಚನಾಯ್ ತಿಂದು ಇಳಿಸಿದ್ದನ್ನೆಲ್ಲ ವಾಪಸು ತುಂಬಿಕೊಳ್ಳುತ್ತೇವೆ.

ಈ ಕಡೆಯ ಕಾಡುಗಳು ಮೂಲದಲ್ಲಿ ತೆಮುವಾನ್ ಎಂಬ ಆದಿವಾಸಿಗಳ ಓಡಾಟದ ನೆಲ. ಪೆತಾಯ್ ಕಾಯಿ, ಬೆತ್ತ, ಮದ್ದಿನ ಬೇರು ಎಲ್ಲ ಅವರಿಗೆ ಗೊತ್ತು. ಕಾಗದಪತ್ರ ಮಾತ್ರ ಅವರ ಬಳಿ ಇರಲಿಲ್ಲ. ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಡೆಂಕಿಲ್ ಹತ್ತಿರದ ಬುಕಿತ್ ತಂಪೋಯ್‌ನಲ್ಲಿ, ವಿಮಾನ ನಿಲ್ದಾಣದ ಒಂದು ಹೆದ್ದಾರಿಗಾಗಿ 1995ರಲ್ಲಿ ಅವರ ಜಮೀನು ಹೋಯಿತು. ಬೆಳೆಗೆ, ಮನೆಗೆ ಒಂದಿಷ್ಟು ಕೊಟ್ಟರು. ನೆಲಕ್ಕೆ ಕೊಡಲಿಲ್ಲ, ಏಕೆಂದರೆ ನೆಲ ಅವರದ್ದಲ್ಲವಂತೆ! ಸಗೋಂಗ್ ತಾಸಿ ಮತ್ತು ಇತರರು ನ್ಯಾಯಾಲಯಕ್ಕೆ ಹೋದರು. ತಲೆಮಾರುಗಳಿಂದ ನೆಲೆಸಿದ ಭೂಮಿಯ ಮೇಲೆ ಅವರಿಗೆ ಒಡೆತನದ ಹಕ್ಕಿದೆ ಎಂದು ಹೈಕೋರ್ಟ್ 2002ರಲ್ಲಿ ಹೇಳಿತು, 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಊರಿಗೆ ಹೋಗುವಾಗ ನಾವೆಲ್ಲ ಆ ಕಡೆಯಿಂದಲೇ ಹೋಗುತ್ತೇವೆ, ಸೂಟ್‌ಕೇಸಿನ ತೂಕ ಹೆಚ್ಚಾಯಿತೇ ಎಂಬ ಚಿಂತೆಯಲ್ಲಿ.

ಗುಡ್ಡದ ಈಚೆ ಕಡೆಯ ಕಥೆ ಬೇರೆ. ಪುಚೊಂಗ್ ಮೊದಲು ತವರದ ಗಣಿ ಮತ್ತು ರಬ್ಬರ್ ತೋಟಗಳ ಊರು. ಹಳಬರು ಇನ್ನೂ ಹದಿನಾಲ್ಕನೇ ಮೈಲಿ ಎಂದೇ ಜಾಗ ಹೇಳುತ್ತಾರೆ. ರಬ್ಬರ್ ಹೋಯಿತು, ಬಡಾವಣೆ ಬಂತು. ತಾಳೆ ಎಣ್ಣೆಗೆ ಹೆಸರಾದ ಐಒಐ ಸಮೂಹವೇ ಇಲ್ಲಿನ ಪುಚೊಂಗ್ ಜಯ, ಬಂದಾರ್ ಪುತೇರಿಗಳನ್ನು ಕಟ್ಟಿದ್ದು. ತೋಟದ ಕುರುಹು ಉಳಿದಿರುವುದು ತಮಿಳು ಶಾಲೆಗಳ ಹೆಸರಿನಲ್ಲಿ. ಲಡಾಂಗ್ ಕಿನ್ರಾರ ಎಂದು ಫಲಕವಿದೆ. ಲಡಾಂಗ್ ಎಂದರೆ ತೋಟ. ಸುತ್ತ ಕಾಂಕ್ರೀಟು.

ಆ ತೋಟಗಳಿಂದ ಬಂದ ಒಬ್ಬ ಅಜ್ಜಿ ನನ್ನ ರೋಗಿ. ಎಂಬತ್ತು ದಾಟಿದೆ. ಬೆಳಗಿನ ಜಾವ ಎದ್ದು, ಹಣೆಗೆ ದೀಪ ಕಟ್ಟಿಕೊಂಡು, ಮೂವತ್ತು ವರ್ಷ ರಬ್ಬರ್ ಮರ ಕೆತ್ತಿದ ಬಲಭುಜ ಈಗ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ತೋಟ ಮಾರಾಟವಾದಾಗ ಲೈನ್ ಮನೆ ಖಾಲಿ ಮಾಡಿ ಹೊರಬಂದವರು. ಈಗ ಮಗನ ಜೊತೆ ಒಂದು ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿದ್ದಾರೆ. ಒಮ್ಮೆ ಔಷಧಿ ಬರೆಯುತ್ತಿರುವಾಗ ತಮಿಳಿನಲ್ಲಿ ಕೇಳಿದರು, "ಡಾಕ್ಟರಯ್ಯಾ, ಊರಲ್ಲಿ ನಿಮಗೆ ಭೂಮಿ ಇದೆಯಾ?"

"ಇದೆ ಅಜ್ಜೀ, ಮೂರು ಎಕರೆ ಅಡಿಕೆ ತೋಟ."

"ಯಾರ ಹೆಸರಲ್ಲಿ?"

ಎಂಥ ಪ್ರಶ್ನೆ ನೋಡಿ! ಬೆಳೆ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮೂವತ್ತು ವರ್ಷ ಬೇರೆಯವರ ಮರ ಕೆತ್ತಿದವರು ಮಾತ್ರ ಹೀಗೆ ಕೇಳಬಲ್ಲರು.

ಅವರ ಅಣ್ಣನದ್ದು ಬೇರೆ ಹಾದಿ. ಆತ ಕೆಡಾ ರಾಜ್ಯದಲ್ಲಿ, ಸಂಘದ ತೋಟದಲ್ಲೇ ಕೆಲಸ ಮಾಡಿ ನಿವೃತ್ತನಾದವನಂತೆ. ಯಾವ ಸಂಘ ಎಂದು ಕೇಳಿದ ಮೇಲೆ ನಾನು ಸಂಬಂಧನ್ ಅವರ ಬಗ್ಗೆ ಓದಿದೆ. 1957ರಲ್ಲಿ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಬಿಳಿಯರು ತೋಟಗಳನ್ನು ಮಾರಿ ಹೊರಡತೊಡಗಿದರು. ಕೊಂಡವರು ತುಂಡು ತುಂಡು ಮಾಡಿ ಮಾರಿದರು, ಕೂಲಿಯವರು ಬೀದಿಗೆ ಬಿದ್ದರು. ಆಗ ಮಂತ್ರಿಯಾಗಿದ್ದ ವಿ. ಟಿ. ಸಂಬಂಧನ್ 1960ರಲ್ಲಿ ರಾಷ್ಟ್ರೀಯ ಭೂ ಹಣಕಾಸು ಸಹಕಾರ ಸಂಘ ಕಟ್ಟಿ, ತೋಟದಿಂದ ತೋಟಕ್ಕೆ ತಿರುಗಿ, ತಲಾ ಹತ್ತು ಹತ್ತು ರಿಂಗಿಟ್ ಹಾಕಿ ಎಂದು ಕೂಲಿಕಾರರನ್ನು ಒಪ್ಪಿಸಿದರು. ಆ ಹಣದಲ್ಲಿ ಸಂಘ ಮೊದಲು ಕೊಂಡದ್ದು ಕೆಡಾದ ಬುಕಿತ್ ಸಿದಿಮ್ ತೋಟ. ತೋಟವನ್ನು ತುಂಡು ಮಾಡಲಿಲ್ಲ. ಒಟ್ಟಾಗಿಯೇ ಇಟ್ಟುಕೊಂಡು ದುಡಿದರು. "ಇಲ್ಲಿ ನಮಗೆ ಯಾರೂ ಹತ್ತು ರಿಂಗಿಟ್ ಕೇಳಲು ಬರಲಿಲ್ಲ. ಬಂದಿದ್ದರೂ ನನ್ನ ಗಂಡ ಅದನ್ನು ಕುಡಿದುಬಿಡುತ್ತಿದ್ದ" ಎಂದು ಅಜ್ಜಿ ನಕ್ಕರು.

ನಮ್ಮ ತಂದೆ ಸುಳ್ಯ ತಾಲೂಕಿನಲ್ಲಿ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಬಂದಾಗ ಡಿಕ್ಲರೇಶನ್ ಕೊಟ್ಟರು. ಆಗ ನನಗೆ ಐದು ವರ್ಷ. ಧಣಿಗಳ ಮುಖ ನೋಡಲು ಸಂಕೋಚಪಟ್ಟು ಅಪ್ಪ ಒಂದು ತಿಂಗಳು ಪೇಟೆಗೇ ಹೋಗಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಭೂಮಿ ಕೈಗೆ ಬಂದ ಮೇಲೆ ಅಡಿಕೆ ಸಾಲುಗಳ ನಡುವೆ ಕೊಕ್ಕೋ ಹಾಕಿದರು. ನೆರಳು ಬೇಡುವ ಗಿಡ, ಅಡಿಕೆಯ ಅಡಿಯಲ್ಲಿ ಹೇಳಿಮಾಡಿಸಿದ ಹಾಗೆ. ಉದುರಿದ ಎಲೆ ನೆಲಕ್ಕೆ ಹೊದಿಕೆ. ಕಾಯಿ ಒಡೆದು ಬೀಜದ ಸುತ್ತಲಿನ ಸಿಹಿ ಲೋಳೆ ಚೀಪುವುದು ನಮಗೆ ಹಬ್ಬ. ಆದರೆ 1980ರ ಹೊತ್ತಿಗೆ ಕೊಳ್ಳುತ್ತಿದ್ದವರು ಕೊಳ್ಳುವುದನ್ನು ನಿಲ್ಲಿಸಿದರು. ಹಸಿ ಬೀಜ ಎರಡು ದಿನ ಇಡುವಂತಿಲ್ಲ. ಅಂಗಳದ ಬದಿಯಲ್ಲಿ ರಾಶಿ ಕೊಳೆತ ಹುಳಿ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಕ್ಕಪಕ್ಕದವರು ಗಿಡ ಕಡಿದರು. ಅಪ್ಪ ಕತ್ತಿ ಮಸೆದಿಟ್ಟು, ಇನ್ನೊಂದು ವಾರ ನೋಡುವ ಎಂದರು.

ಅಷ್ಟರಲ್ಲಿ ಕ್ಯಾಂಪ್ಕೋ ಕೊಕ್ಕೋ ಖರೀದಿಗೆ ಇಳಿಯಿತು. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ, ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಗಡಿಯ ಗೊಡವೆ ಇಲ್ಲದೆ ಕರ್ನಾಟಕ ಮತ್ತು ಕಾಸರಗೋಡಿನ ಕಡೆಯ ಬೆಳೆಗಾರರನ್ನು ಒಟ್ಟಿಗೆ ಸೇರಿಸಿತು. ಕೊಂಡ ಬೀಜವನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು! ರೈತರು ಚಾಕೊಲೇಟ್ ಮಾಡುತ್ತಾರಂತೆ ಎಂದು ಆಗ ನಕ್ಕವರೂ ಇದ್ದರು. ಮರುವರ್ಷ ನಾನು ಎಂ.ಬಿ.ಬಿ.ಎಸ್. ಸೇರಲು ಮೈಸೂರಿಗೆ ಹೊರಟಾಗ ಟ್ರಂಕಿನಲ್ಲಿದ್ದ ಹಾಸ್ಟೆಲ್ ಹಣ ಕೊಕ್ಕೋದ್ದು.

ಇಲ್ಲಿಗೆ ಬಂದ ಮೇಲೆ ತಿಳಿದು ಬೆರಗಾಯಿತು: ನಮ್ಮ ವಿಟ್ಲದ ಸಂಶೋಧನಾ ಕೇಂದ್ರದ ಒಳ್ಳೆಯ ಕೊಕ್ಕೋ ತಳಿಗಳಲ್ಲಿ ಹಲವು ಮಲೇಷ್ಯಾದಿಂದ ಬಂದವು. ತವರುಮನೆಯಲ್ಲಿ ಅದರ ಗತಿ ಏನಾಯಿತು ನೋಡಿ. 1990ರಲ್ಲಿ ಮಲೇಷ್ಯಾ ಸುಮಾರು 2,47,000 ಟನ್ ಕೊಕ್ಕೋ ಬೆಳೆದಿತ್ತು. ಬೆಲೆ ಬಿತ್ತು, ಕಾಯಿಕೊರಕ ಹುಳ ಬಂತು, ಕೂಲಿ ಸಿಗದಾಯಿತು. ತಾಳೆ ಲಾಭ ತೋರಿಸಿತು. 2010ರ ದಶಕದ ಕೊನೆಗೆ ಇಳುವರಿ ಸಾವಿರ ಟನ್ನಿನ ಆಸುಪಾಸಿಗೆ ಬಂದು ನಿಂತಿತ್ತು. ಗಿಡವನ್ನು ಕಡಿದು ಇನ್ನೊಂದು ಹಾಕಲು ದೊಡ್ಡ ತೋಟಕ್ಕೆ ಒಂದು ಆದೇಶ ಸಾಕು. ನಮ್ಮಲ್ಲಿ ಮೂರು ಎಕರೆಯವನು ಕತ್ತಿ ಮಸೆದ ಮೇಲೂ ಒಂದು ವಾರ ಕಾದ, ಅಷ್ಟರಲ್ಲಿ ಕೊಳ್ಳುವವರು ಬಂದರು. 2024ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿದಾಗ ಊರಿನವರ ಮುಖ ನೋಡಬೇಕಿತ್ತು. ಮರುವರ್ಷ ಇಳಿಯಿತು, ಆ ಮಾತು ಬೇರೆ.

2018ರಲ್ಲಿ ಅಣ್ಣ ಅತ್ತಿಗೆ ಇಲ್ಲಿಗೆ ಬಂದಿದ್ದರು. ಅವಳಿ ಗೋಪುರ ತೋರಿಸಿದೆ; ಅಣ್ಣನಿಗೆ ಕತ್ತು ನೋವು ಬಂತು. ಪಹಾಂಗ್‌ನ ಲೂರಾ ಬಿಲುತ್‌ಗೆ ಕರೆದುಕೊಂಡು ಹೋದಾಗ ಮಾತ್ರ ಆಸಾಮಿ ಕಾರಿನಿಂದ ಇಳಿದು ಓಡಿದ. ಭೂಮಿಯಿಲ್ಲದವರಿಗೆ ತಲಾ ಸುಮಾರು ಹತ್ತು ಎಕರೆ ತೋಟ, ಒಂದು ಮನೆ ಕೊಡಲು 1956ರಲ್ಲಿ ಹುಟ್ಟಿದ ಫೆಲ್ಡಾದ ಮೊದಲ ಊರು ಅದು. ದೇಶದಾದ್ಯಂತ 1,12,000ಕ್ಕೂ ಹೆಚ್ಚು ಕುಟುಂಬಗಳು ಹೀಗೆ ನೆಲೆ ಕಂಡವು. ಬಡತನ ಇಳಿಸುವಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಯೋಜನೆ ಕಡಿಮೆ, ಅದನ್ನು ಒಪ್ಪಲೇಬೇಕು. ಅಣ್ಣ ತಾಳೆ ಮರಗಳ ಅಡಿಯಲ್ಲಿ ನಿಂತು ಅತ್ತಿತ್ತ ನೋಡಿ, "ಇದರ ಅಡಿಯಲ್ಲಿ ಬೇರೆ ಎಂತದ್ದೂ ಇಲ್ಲವಾ ಮಾರಾಯ? ಒಂದು ಬಾಳೆ, ಒಂದು ಕಾಳುಮೆಣಸು?" ಎಂದ. ಪಕ್ಕದ ಮನೆಯ ಮುದುಕರು ಕಾಫಿ ಕೊಟ್ಟರು. ಮಕ್ಕಳೆಲ್ಲ ಕೌಲಾಲಂಪುರದಲ್ಲಂತೆ, ತೋಟಕ್ಕೆ ಹೊರಗಿನ ಕೂಲಿಯವರಂತೆ. ಅಣ್ಣ ನನ್ನ ಮುಖ ನೋಡಿದ. ನಾನು ಕಾಫಿ ನೋಡಿದೆ.

ಕಳೆದ ವರ್ಷ ಅವನ ಫೋನು. "ತಮ್ಮಾ, ಮೇಲಿನ ತಟ್ಟು ಪೂರಾ ಹಳದಿ ಆಗಿದೆ. ಕೆಳಗೂ ಶುರುವಾಗಿದೆ. ಒಬ್ಬರು ಜಾಗ ಕೇಳ್ತಿದ್ದಾರೆ, ಒಳ್ಳೆ ರೇಟು. ನೀನು ಎಂತ ಹೇಳ್ತೀ? ನಿನ್ನ ಸಹಿ ಬೇಕು." ಅಡಿಕೆಯ ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಬೋಳಾದದ್ದನ್ನು ನೋಡಿದವನು ನಾನು. ಮದ್ದಿಲ್ಲದ ರೋಗದ ಸುದ್ದಿ ಹೇಳುವುದು ನನ್ನ ವೃತ್ತಿ. ಕೇಳುವುದು ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು. ಆದರೂ, ಮಾರಬೇಡ, ಅಪ್ಪನ ಭೂಮಿ, ಎಂದು ಬಾಯಿಗೆ ಬಂದ ಹಾಗೆ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಅಲ್ಲಿ ಕೂತು ಹೇಳುವುದು ಸುಲಭ" ಎಂದು ಫೋನ್ ಇಟ್ಟ. ಮೂವತ್ತು ವರ್ಷದಲ್ಲಿ ಅವನು ನನಗೆ ಹೇಳಿದ ಮೊದಲ ಗಡಸು ಮಾತು.

ಆ ಭಾನುವಾರ ಗುಡ್ಡ ಹತ್ತುವಾಗ ಅಜ್ಜಿಯ ಪ್ರಶ್ನೆ ಬೆನ್ನು ಹತ್ತಿತು. ಯಾರ ಹೆಸರಲ್ಲಿ? ಪಹಣಿಯಲ್ಲಿ ಇಬ್ಬರ ಹೆಸರೂ ಇದೆ. ಉಳುವವನೇ ಭೂಮಿಯ ಒಡೆಯ ಎಂಬ ಕಾನೂನಿನಿಂದ ಅಪ್ಪನಿಗೆ ಬಂದ ಭೂಮಿ. ನಾನು ಒಂದು ದಿನವೂ ಹಾರೆ ಹಿಡಿದವನಲ್ಲ, ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಲು ಮಳೆಗಾಲದಲ್ಲಿ ಒಂದು ರಜೆ ಹಾಕಿದವನಲ್ಲ. ಅಪ್ಪ ಒಕ್ಕಲಾಗಿದ್ದಾಗ ಪೇಟೆಯಲ್ಲಿ ಕೂತು ಬೇಡ, ಬೇಕು ಎನ್ನುತ್ತಿದ್ದ ಧಣಿಗೂ ಪುಚೊಂಗಿನಲ್ಲಿ ಕೂತ ನನಗೂ ಏನು ವ್ಯತ್ಯಾಸ? ಅಣ್ಣ ಬ್ಯಾಂಕಿಗೆ ಹೋಗಲೂ, ಹೊಸ ಬೆಳೆ ಹಾಕಲೂ ನನ್ನ ಸಹಿಗೆ ಕಾಯಬೇಕಿತ್ತು. ಹೆಂಡತಿಯ ಹತ್ತಿರ ಹೇಳಿದೆ. "ಇಷ್ಟು ತಡವಾಗಿ ಹೊಳೆಯಿತಾ ನಿಮಗೆ?" ಎಂದಳು.

ಈ ಮೇ ತಿಂಗಳಲ್ಲಿ ಊರಿಗೆ ಹೋಗಿ, ಸುಳ್ಯದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಅಣ್ಣನಿಗೆ ಇಷ್ಟವಿರಲಿಲ್ಲ, ಜಗಳವೇ ಆಯಿತು. "ಮಾರುವುದಾದರೆ ಮಾರು, ಇಡುವುದಾದರೆ ಇಡು, ನನ್ನನ್ನು ಕೇಳಬೇಡ" ಎಂದೆ. ಮರುದಿನ ಅವನು ಏನೂ ಹೇಳದೆ ಜೀಪಿನಲ್ಲಿ ಕೂರಿಸಿಕೊಂಡು ಅಡ್ಯನಡ್ಕದ ಕಡೆ ಹೊರಟ. ಅಲ್ಲಿ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಗುಡ್ಡ. ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯವರಾಗಿದ್ದ ಅವರಿಗೆ ಧಣಿಗಳು ಎರಡು ಎಕರೆ ಬೋಳುಗುಡ್ಡ ಕೊಟ್ಟಿದ್ದರು. ಒಬ್ಬರೇ ಸುರಂಗ ಕೊರೆದರು. ಒಂದರಲ್ಲಿ ನೀರು ಸಿಗಲಿಲ್ಲ, ಇನ್ನೊಂದು, ಮತ್ತೊಂದು. ಕೊನೆಗೆ ನೀರು ಬಂತು, ಗುಡ್ಡದಲ್ಲಿ ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀ ಬಂತು. "ಅವರಿಗೆ ಬೋಳುಗುಡ್ಡ ಸಿಕ್ಕಿದ್ದು. ನನಗೆ ನೀರು ಇರುವ ಜಾಗ ಉಂಟು" ಎಂದಷ್ಟೇ ಹೇಳಿ ಅಣ್ಣ ಜೀಪು ತಿರುಗಿಸಿದ.

ಮಾರುತ್ತಾನೋ ಇಲ್ಲವೋ ನಾನು ಕೇಳಲಿಲ್ಲ. ಆಗಸ್ಟಿನಲ್ಲಿ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು: ಮೇಲಿನ ತಟ್ಟಿನಲ್ಲಿ ಒಣಗಿದ ಅಡಿಕೆ ಮರಗಳನ್ನು ತೆಗೆದು ಗುಂಡಿ ತೋಡಿದ್ದಾರೆ, ಬದಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಗಿಡಗಳು. ಅರ್ಧ ಕೊಕ್ಕೋ, ಉಳಿದದ್ದು ಜಾಯಿಕಾಯಿ ಮತ್ತು ಕಾಫಿಯಂತೆ. ಕೆಳಗೆ ಒಂದು ಸಾಲು: "ಮಲೇಷ್ಯಾದಲ್ಲಿ ಒಳ್ಳೆ ಕೊಕ್ಕೋ ಗಿಡ ಸಿಕ್ಕಿದರೆ ಬರುವಾಗ ತಾ." ಕಸ್ಟಮ್ಸಿನವರು ನನ್ನನ್ನೇ ಒಳಗೆ ಹಾಕುತ್ತಾರೆ, ವಿಟ್ಲದಲ್ಲಿ ಕೇಳು, ಇಲ್ಲಿಯದ್ದೇ ಅಲ್ಲಿ ಇದೆ ಎಂದು ಉತ್ತರಿಸಿದೆ.

ಅಜ್ಜಿ ಕಳೆದ ವಾರ ಭುಜದ ನೋವಿಗೆ ಬಂದಿದ್ದರು. ಊರಿನ ವಿಷಯ ಎಲ್ಲ ಹೇಳಿದೆ.

"ಹಾಗಾದರೆ ಈಗ ನಿಮ್ಮ ಹೆಸರಲ್ಲಿ ಎಷ್ಟಿದೆ?"

"ಏನೂ ಇಲ್ಲ ಅಜ್ಜೀ."

"ಸರಿ ಹೋಯ್ತು, ನನ್ನ ಹಾಗೇ" ಎಂದು ನಕ್ಕು, ಎತ್ತಲು ಬರುವ ಎಡಗೈಯಿಂದ ನನ್ನ ಮುಂಗೈ ತಟ್ಟಿ, ಔಷಧಿ ಚೀಟಿ ತೆಗೆದುಕೊಂಡರು.